ಸಹಾಯ ಬೇಕು: ಮ್ಯಾಚಿಂಗ್ ಪಾಠದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ

ನಮಸ್ಕಾರ, ನಾನು ಉಡುಪಿಯವನು. ಕೆಲಸ ಮುಗಿಸಿ ಬಂದು ರಾತ್ರಿ ಹೊತ್ತು ಎಂಐಟಿಯ (ನಮ್ಮ ಮಣಿಪಾಲದ್ದಲ್ಲ, ಅಮೆರಿಕದ್ದು) ಉಚಿತ ಓಪನ್‌ಕೋರ್ಸ್‌ವೇರ್ ನೋಟ್ಸ್ ಇಟ್ಟುಕೊಂಡು ಕಾಂಬಿನೇಟೋರಿಯಲ್ ಆಪ್ಟಿಮೈಸೇಶನ್ (ಅನೇಕ ಆಯ್ಕೆಗಳಲ್ಲಿ ಅತ್ಯುತ್ತಮವಾದದ್ದನ್ನು ಹುಡುಕುವ ಗಣಿತ) ಓದುತ್ತಿದ್ದೇನೆ. ಈಗ ಮ್ಯಾಚಿಂಗ್ ಪಾಠ, ಅಂದರೆ ಗ್ರಾಫ್‌ನಲ್ಲಿ (ಶೃಂಗಗಳೆಂಬ ಚುಕ್ಕಿಗಳು, ಅವನ್ನು ಜೋಡಿಸುವ ಅಂಚುಗಳೆಂಬ ಗೆರೆಗಳು) ಯಾವ ಎರಡು ಅಂಚೂ ಒಂದೇ ಶೃಂಗದಲ್ಲಿ ಸೇರದಂತೆ ಆದಷ್ಟು ಹೆಚ್ಚು ಅಂಚು ಆರಿಸುವುದು. ಬೈಪಾರ್ಟೈಟ್ ಗ್ರಾಫ್‌ವರೆಗೆ (ಶೃಂಗಗಳು ಎರಡು ಪಂಗಡವಾಗಿದ್ದು, ಅಂಚುಗಳು ಆ ಪಂಗಡಗಳ ನಡುವೆ ಮಾತ್ರ ಇರುವಂಥದ್ದು) ಆರಾಮಾಗಿತ್ತು. ಆದರೆ ಸುಮ್ನೆ ಒಂದು ತ್ರಿಕೋನ ತಗೊಂಡು ಲೀನಿಯರ್ ಪ್ರೋಗ್ರಾಮ್ (ಅಂಚಿಗೆ ಭಿನ್ನರಾಶಿಯನ್ನೂ ಕೊಡಬಹುದು, ಒಂದು ಶೃಂಗದಲ್ಲಿ ಒಟ್ಟು 1 ಮೀರಬಾರದು ಅಷ್ಟೇ) ಬಿಡಿಸಿದರೆ ಮೂರು ಅಂಚಿಗೂ ಅರ್ಧರ್ಧ ಬಂದು ಒಟ್ಟು 1.5 ಆಗುತ್ತದೆ, ನಿಜವಾದ ಮ್ಯಾಚಿಂಗ್‌ನಲ್ಲಿ ಒಂದೇ ಅಂಚು ಅಲ್ವಾ! ಇದಕ್ಕೇ 1965ರಲ್ಲಿ ಗಣಿತಜ್ಞ ಜ್ಯಾಕ್ ಎಡ್ಮಂಡ್ಸ್ ಬೆಸ ಸಂಖ್ಯೆಯ ಶೃಂಗಗಳ ಪ್ರತಿ ಗುಂಪಿಗೂ ಒಂದೊಂದು ಷರತ್ತು ಸೇರಿಸಿದರು. ಅಷ್ಟು ಸೇರಿಸಿದರೆ ಸಾಕು ಅನ್ನುವುದರ ಸಾಧನೆ (ಪ್ರೂಫ್) ಮಾತ್ರ ಎಷ್ಟು ಓದಿದರೂ ತಲೆಗೆ ಹೋಗುತ್ತಿಲ್ಲ. ವಿಡಿಯೋ ಲಿಂಕ್ ಬೇಡ, ಅದು ಜಾಸ್ತಿಯೇ ಇದೆ. ಮಣಿಪಾಲ, ಸುರತ್ಕಲ್ ಕಡೆ ಗೊತ್ತಿರುವವರು ಭಾನುವಾರ ಒಂದು ಗಂಟೆ ಸಿಗುತ್ತೀರಾ? ಚಾ, ಗೋಳಿಬಜೆ ನನ್ನ ಲೆಕ್ಕ.