ಕೇಂದ್ರಕ್ಕೆ ಬಂದ ಕುದುರೆ ಪ್ರತಿಸಲ ಬಲಿ – ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಚೆಸ್‌ನಲ್ಲಿ ಮೂಲೆಯ ಕುದುರೆಗೆ ಹಾರಲು ಎರಡೇ ಮನೆ, ನಡುವೆ ಎಂಟು ಅಂತ ಓದಿ, ಅವಕಾಶ ಸಿಕ್ಕಾಗಲೆಲ್ಲ ನಡುವಿನ ಇ5 ಮನೆಗೆ ಹಾರಿಸುತ್ತೇನೆ. ನೋಡೋಕೆ ಗಾಂಭೀರ್ಯವೇನೋ ಇದೆ!

ನಿನ್ನೆಯ ಆಟದಲ್ಲಿ ನನ್ನದು ಬಿಳಿ. ಡಿ ಕಾಲಾಳು ಡಿ3ರಲ್ಲಿ, ರಾಜ ಇನ್ನೂ ಇ1ರಲ್ಲೇ, ಕುದುರೆಗೆ ಬೆಂಬಲವಿಲ್ಲ. ಎದುರಾಳಿ ರಾಣಿಯನ್ನು ಎ5ಕ್ಕೆ ತಂದು ಚೆಕ್ ಕೊಟ್ಟರು. ಐದನೇ ಸಾಲು ಖಾಲಿ, ಹಾಗಾಗಿ ಅದೇ ರಾಣಿಯ ಗುರಿ ಕುದುರೆಯ ಮೇಲೂ ಇತ್ತು; ನಾನು ರಾಜನನ್ನು ಉಳಿಸಿಕೊಂಡೆ, ಮುಂದಿನ ನಡೆಗೆ ಕುದುರೆ ಹೋಯಿತು. ಇದೇ ಪೆಟ್ಟು ಮೂರನೇ ಸಲ ತಿಂದಿದ್ದೇನೆ, ನಾಚಿಕೆಯಾಗುತ್ತೆ.

ಮೊದಲು ಕ್ಯಾಸಲಿಂಗ್ (ರಾಜ ಮತ್ತು ಆನೆಯನ್ನು ಒಂದೇ ನಡೆಯಲ್ಲಿ ಸರಿಸಿ ರಾಜನನ್ನು ಭದ್ರಪಡಿಸುವುದು) ಮಾಡಬೇಕಿತ್ತಾ, ಅಥವಾ ಡಿ4 ಆಡಿ ಕುದುರೆಗೆ ಆಸರೆ ಕೊಡಬೇಕಿತ್ತಾ? ಪಜಲ್‌ನಲ್ಲಿ ಇಂಥ ಫೋರ್ಕ್ (ಒಂದೇ ಕಾಯಿಯಿಂದ ಎರಡು ಕಾಯಿಗಳ ಮೇಲೆ ದಾಳಿ) ತಕ್ಷಣ ಕಾಣುತ್ತೆ, ಆಟದಲ್ಲಿ ಮಾತ್ರ ಕಾಣಲ್ಲ. ಪ್ರತಿ ನಡೆಗೂ ಮುನ್ನ ನೀವು ಏನೇನು ಪರೀಕ್ಷಿಸುತ್ತೀರಿ? ಬಲ್ಲವರು ದಯವಿಟ್ಟು ತಿಳಿಸಿ.