ಸಹಾಯ ಬೇಕು: ದೊಡ್ಡ ಮಳಿಗೆಯಲ್ಲಿ ಸಾಮಾನು ಬೇಗ ಸಿಗೋಕೆ ಏನು ಮಾಡ್ಬೇಕು?

ನಮಸ್ಕಾರ. ದೊಡ್ಡ ಮಳಿಗೆಯೊಂದರ ಬೋರ್ಡುಗಳನ್ನ ಹೊಸದಾಗಿ ಮಾಡಿಸೋ ಕೆಲಸ ನನ್ನ ಪಾಲಿಗೆ ಬಂದಿದೆ. ಈಗಿನವು ಶೆಲ್ಫಿಗೇ ಅಂಟಿಕೊಂಡಿವೆ, ಸಾಲಿನೊಳಗೆ ಹೋದ ಮೇಲಷ್ಟೇ ಕಾಣೋದು. ಅವನ್ನ ನಡೆಯೋ ದಾರಿಗೆ ಅಡ್ಡಲಾಗಿ, ಎರಡೂ ಕಡೆಯಿಂದ ಓದೋ ಹಾಗೆ ತೂಗುಹಾಕಿಸ್ತೀನಿ, ಸಾಲಿಗೆ ನಂಬರೂ ಕೊಡಿಸ್ತೀನಿ. ಅದು ಸುಲಭ.

ತಲೆನೋವು ವಿಂಗಡಣೆಯದು. ಬ್ಯಾಟರಿ ಸೆಲ್ಲನ್ನ ಒಬ್ರು ಟಾರ್ಚ್ ಪಕ್ಕ ಹುಡುಕ್ತಾರೆ, ಇನ್ನೊಬ್ರು ಆಟಿಕೆ ಹತ್ರ, ಮತ್ತೊಬ್ರು ಗಡಿಯಾರದ ಹತ್ರ. ಎರಡು ಕಡೆ ಇಡೋಣ ಅಂದ್ರೆ ಸ್ಟಾಕ್ ನೋಡೋರು ಒಪ್ಪಲ್ಲ. ಗಿರಾಕಿಗಳಿಗೆ ಸಾಮಾನಿನ ಹೆಸರಿನ ಚೀಟಿ ಕೊಟ್ಟು ಗುಂಪು ಮಾಡಿಸೋ ಕಾರ್ಡ್ ಸಾರ್ಟಿಂಗ್ ಯಾರಾದ್ರೂ ಮಾಡಿದ್ದೀರಾ? ಎಷ್ಟು ಜನ ಸಾಕು?

ಬಣ್ಣದ ಗುರುತೊಂದನ್ನೇ ನಂಬೋ ಹಾಗಿಲ್ಲ, ಕೆಂಪು-ಹಸಿರು ವ್ಯತ್ಯಾಸ ಕಾಣದವರೂ ಬರ್ತಾರೆ. ಜೊತೆಗೆ ಚಿತ್ರ ಹಾಕಿದವರು ಫೋಟೋ ಕಳಿಸಿ. ಆ್ಯಪ್ ಸಲಹೆ ಮಾತ್ರ ಬೇಡ, ಟ್ರಾಲಿ ತಳ್ಳೋರಿಗೆ ಕೈ ಎಲ್ಲಿ ಬಿಡುವಿರುತ್ತೆ?