ಯೂಸರ್ ಗ್ರೂಪ್‌ನಲ್ಲಿ ಮೊದಲ ಸಲ ಮಾತಾಡಬೇಕು, ಏನು ತಯಾರಿ ಮಾಡಿಕೊಳ್ಳಲಿ?

ಕೇಳಿದವರು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮೂರಲ್ಲಿ ಕೆಲವರು ಸೇರಿ ತಿಂಗಳಿಗೊಂದು ಭಾನುವಾರ ಲಿನಕ್ಸ್ (ವಿಂಡೋಸ್ ತರಹದ್ದೇ ಒಂದು ಉಚಿತ ಕಾರ್ಯಾಚರಣಾ ವ್ಯವಸ್ಥೆ) ಬಳಸುವವರ ಗುಂಪು ನಡೆಸುತ್ತೇವೆ. ಸೇರುವುದು ಒಂದು ಕಾಲೇಜಿನ ಲ್ಯಾಬಿನಲ್ಲಿ. ಮುಂದಿನ ಸಲ ನೀವೇ ಮಾತಾಡಬೇಕು ಅಂತ ಎಲ್ಲರೂ ಪಟ್ಟು ಹಿಡಿದಿದ್ದಾರೆ. ಇಪ್ಪತ್ತು ನಿಮಿಷ. ನಾನು ಪ್ರೋಗ್ರಾಮರ್ ಅಲ್ಲ, ಡಿಟಿಪಿ ಕೆಲಸದವನು. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಆದ ಹಳೆಯ ಫೈಲ್‌ಗಳನ್ನು ಯೂನಿಕೋಡ್‌ಗೆ ತರುವ ಕೆಲಸ ಮಾಡುತ್ತಿದ್ದೇನೆ. ಯೂನಿಕೋಡ್ ಅಂದರೆ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ, ಎಲ್ಲ ಕಂಪ್ಯೂಟರಿಗೂ ಒಂದೇ ಆದ ವ್ಯವಸ್ಥೆ. ಬರುವವರಲ್ಲಿ ಇಂಜಿನಿಯರಿಂಗ್ ಹುಡುಗರೇ ಜಾಸ್ತಿ. ಇದನ್ನು ಹೇಳಿದರೆ ಅವರು ಕೇಳ್ತಾರಾ? ಕನ್ನಡದಲ್ಲೇ ಮಾತಾಡಬಹುದಾ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ, ಮೈಸೂರಿನಿಂದ

ಸರ್, ದಯವಿಟ್ಟು ವಿಷಯ ಬದಲಾಯಿಸಬೇಡಿ. ನಾನು ನಮ್ಮ ಗುಂಪಿನಲ್ಲಿ ಮಾತಾಡುವವರನ್ನು ಹುಡುಕುವ ಕೆಲಸ ಮಾಡುತ್ತೇನೆ. "ಲಿನಕ್ಸ್ ಪರಿಚಯ", "ಎಐ ಎಂದರೇನು" ಅಂತ ಬರುವವರು ಬೇಕಾದಷ್ಟು ಜನ. ದಿನಾ ಕೈಯಾರೆ ಮಾಡುವ ಕೆಲಸ ತೋರಿಸುವವರು ಸಿಗುವುದೇ ಕಷ್ಟ. ಹುಡುಗರು ನಿಮ್ಮ ಮಾತು ಕೇಳುತ್ತಾರೆ. ಯಾಕೆಂದರೆ ಇದು ಅವರ ಪಠ್ಯದಲ್ಲಿ ಎಲ್ಲೂ ಬರುವುದಿಲ್ಲ.

ನನ್ನ ಸಲಹೆ ಇಷ್ಟು. "ನನ್ನ ಪರಿಚಯ", "ಯೂನಿಕೋಡ್ ಇತಿಹಾಸ" ಅಂತ ಸ್ಲೈಡ್ ಹಾಕುತ್ತಾ ಕೂರಬೇಡಿ. ನುಡಿ ಫಾಂಟ್ ಇಲ್ಲದ ಒಂದು ಕಂಪ್ಯೂಟರಿನಲ್ಲಿ ಹಳೆಯ ಫೈಲ್ ತೆರೆಯಿರಿ. "ಕನ್ನಡ" ಅಂತ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ಪಿ, ಮಧ್ಯದಲ್ಲಿ ಒಂದು ಪೌಂಡ್ ಗುರುತು, ಪಕ್ಕದಲ್ಲಿ ಜರ್ಮನ್ ಅಕ್ಷರ ಕಾಣುತ್ತದೆ ಅಲ್ವಾ? ಅದನ್ನು ಸುಮ್ನೆ ಹಾಗೇ ಬಿಟ್ಟು ಹತ್ತು ಸೆಕೆಂಡ್ ನಿಲ್ಲಿ. "ಇದು ಯಾವ ಪದ, ಹೇಳಿ ನೋಡೋಣ" ಅನ್ನಿ. ಅಲ್ಲಿಗೆ ಎಲ್ಲರ ಕಣ್ಣೂ ಪರದೆ ಮೇಲೆ ಇರುತ್ತದೆ. ಆಮೇಲೆ ಫಾಂಟ್ ಹಾಕಿ, ಅದೇ ಸಾಲು ಕನ್ನಡವಾಗುವುದನ್ನು ತೋರಿಸಿ. ಫೈಲಿನಲ್ಲಿ ಇದ್ದದ್ದು ಕನ್ನಡವೇ ಅಲ್ಲ, ಕನ್ನಡದ ಹಾಗೆ ಕಾಣಿಸುತ್ತಿದ್ದದ್ದು ಫಾಂಟ್ ಎಂಬುದು ಒಂದು ಮಾತೂ ಆಡದೆ ಗೊತ್ತಾಗುತ್ತದೆ.

ಯಾರಾದರೂ "ಫೈಂಡ್ ರಿಪ್ಲೇಸ್ ಮಾಡಿದರೆ ಮುಗೀತಲ್ಲ" ಅಂತ ಖಂಡಿತ ಕೇಳುತ್ತಾರೆ. ಅದಕ್ಕೆ ಅರ್ಕಾವತ್ತು ಇಟ್ಟುಕೊಂಡಿರಿ. "ಸೂರ್ಯ" ಪದ ತಗೊಳ್ಳಿ. ಹಳೆಯ ಫೈಲಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲೇ, ಅಂದರೆ ಯಕಾರ ಆದ ಮೇಲೆ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ. ಮೊದಲು ರ, ಆಮೇಲೆ ವಿರಾಮ (ಅಕ್ಷರದ ಸ್ವರ ತೆಗೆಯುವ ಗುರುತು), ಆಮೇಲೆ ಯ. ಹಾಗಾಗಿ ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಸಾಲದು, ಜಾಗವನ್ನೂ ಬದಲಿಸಬೇಕು. ಈ ಒಂದು ಪದಕ್ಕೆ ಐದು ನಿಮಿಷ ಕೊಟ್ಟರೂ ಜಾಸ್ತಿಯಲ್ಲ. ನಿಮ್ಮ ಮಾತಿನ ತಿರುಳೇ ಅದು.

ಪ್ರೋಗ್ರಾಮಿಂಗ್ ಹುಡುಗರಿಗೆ ಇನ್ನೊಂದು ಕೊಡಬಹುದು. ಪೈಥಾನ್ 3 ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ "ಸ್ತ್ರೀ" ಪದದ ಉದ್ದ ಕೇಳಿದರೆ 6 ಅನ್ನುತ್ತದೆ. ಕಣ್ಣಿಗೆ ಕಾಣುವುದು ಒಂದೇ ಅಕ್ಷರ. ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರದ ಗುರುತು, ಒಟ್ಟು ಆರು. ಯೂನಿಕೋಡ್ ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ಯುಟಿಎಫ್-8 ವಿಧಾನದಲ್ಲಿ ಒಂದೊಂದಕ್ಕೂ 3 ಬೈಟ್, ಅಂದರೆ 18 ಬೈಟ್. ಇದನ್ನು ಬರೆಯಲು ನಿಮಗೆ ಪ್ರೋಗ್ರಾಮಿಂಗ್ ಬರಬೇಕಿಲ್ಲ. ಗುಂಪಿನ ಯಾರಾದರೂ ಹುಡುಗನನ್ನು ಪಕ್ಕದಲ್ಲಿ ಕೂರಿಸಿ ಅವನ ಕೈಯಲ್ಲೇ ಟೈಪ್ ಮಾಡಿಸಿ.

ಭಾಷೆ ಬಗ್ಗೆ ಅನುಮಾನವೇ ಬೇಡ. ಕನ್ನಡದಲ್ಲೇ ಮಾತಾಡಿ. ಫೈಲ್, ಫಾಂಟ್, ಎನ್‌ಕೋಡಿಂಗ್ ಇವನ್ನೆಲ್ಲ ಹಾಗೇ ಬಳಸಿ. ನಮ್ಮಲ್ಲಿ ಕನ್ನಡದಲ್ಲಿ ಮಾತು ನಡೆದ ದಿನ ಪ್ರಶ್ನೆಗಳು ಜಾಸ್ತಿ ಬರುತ್ತವೆ. ಇಂಗ್ಲಿಷಿನಲ್ಲಿ ಕೇಳಲು ಹಿಂಜರಿಯುವ ಮಕ್ಕಳು ಆವತ್ತು ಬಾಯಿ ಬಿಡುತ್ತಾರೆ. ನನಗೆ ಗುಂಪು ನಡೆಸುವುದರಲ್ಲಿ ಅತಿ ಹೆಚ್ಚು ಖುಷಿ ಕೊಡುವುದೂ ಅದೇ.

ಉತ್ತರ, ಹುಬ್ಬಳ್ಳಿಯಿಂದ

ಮೇಡಂ ಹೇಳಿದ್ದು ಸರಿ. ನಾನು ಯಂತ್ರದ ಕಡೆಯ ಮಾತು ಹೇಳುತ್ತೇನೆ.

ಕಾಲೇಜು ಲ್ಯಾಬಿನ ಪ್ರೊಜೆಕ್ಟರ್ ಹಳೆಯದಾಗಿದ್ದರೆ ವಿಜಿಎ ಕೇಬಲ್ ಮಾತ್ರ ಇರಬಹುದು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಇಲ್ಲವೇ ಬರೀ ಯುಎಸ್‌ಬಿ-ಸಿ ಇರುತ್ತದೆ. ಅಡಾಪ್ಟರ್ ನೀವೇ ಒಯ್ಯಿರಿ. ಹಿಂದಿನ ದಿನವೇ ಹೋಗಿ ಜೋಡಿಸಿ ನೋಡಿದರೆ ಇನ್ನೂ ಒಳ್ಳೆಯದು. ಲ್ಯಾಪ್‌ಟಾಪಿನಲ್ಲಿ ಕಾಣುವುದೇ ಪರದೆ ಮೇಲೂ ಕಾಣುವ ಹಾಗೆ ಮಿರರ್ ಮಾಡಿ, ಇಲ್ಲದಿದ್ದರೆ ಡೆಮೋ ಹೊತ್ತಿನಲ್ಲಿ ಕತ್ತು ತಿರುಗಿಸಿಕೊಂಡೇ ಮೌಸ್ ಹುಡುಕಬೇಕಾಗುತ್ತದೆ.

ಅಕ್ಷರ ದೊಡ್ಡದು ಮಾಡಿ. ನಿಮಗೆ ಅತಿಯಾಯ್ತು ಅನ್ನಿಸುವಷ್ಟು ದೊಡ್ಡದು. ಒಂದು ಸಲ ಹಿಂದಿನ ಬೆಂಚಿಗೆ ಹೋಗಿ ಕೂತು ಓದಿ ನೋಡಿ. ಒತ್ತಕ್ಷರ ಅಲ್ಲಿಂದ ಬಿಡಿಬಿಡಿಯಾಗಿ ಕಾಣಬೇಕು. ನಿಮ್ಮ ವಿಷಯ ಪೂರ್ತಿ ಒತ್ತಕ್ಷರದ ಮೇಲೆ ನಿಂತಿದೆ. ಬೆಳಕಿರುವ ಕೋಣೆಯಲ್ಲಿ ಕಪ್ಪು ಹಿನ್ನೆಲೆ ಬೇಡ, ಬಿಳಿ ಮೇಲೆ ಕಪ್ಪು ಅಕ್ಷರ ಇರಲಿ.

ಸ್ಲೈಡ್ ಇದ್ದರೆ ಪಿಡಿಎಫ್ ಮಾಡಿ, ಫಾಂಟ್ ಅದರೊಳಗೇ ಸೇರಿಸಿಡಿ. ಬೇರೆಯವರ ಕಂಪ್ಯೂಟರಿನಲ್ಲಿ ತೆರೆದಾಗ ಕನ್ನಡದ ಸಾಲುಗಳು ಎಲ್ಲೆಲ್ಲೋ ಮುರಿಯುವುದು ಆಗ ತಪ್ಪುತ್ತದೆ. ಆನ್‌ಲೈನ್ ಪರಿವರ್ತಕ ನೆಚ್ಚಿಕೊಳ್ಳಬೇಡಿ, ನೆಟ್ ಕೈಕೊಡುತ್ತದೆ. ನಿಮ್ಮದೇ ಯಂತ್ರದಲ್ಲಿ ಓಡುವುದನ್ನೇ ತೋರಿಸಿ. ಡೆಮೋದ ಒಂದು ವಿಡಿಯೋ ಕೂಡ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಪೆನ್‌ಡ್ರೈವ್‌ನಲ್ಲಿ ಎಲ್ಲದರ ಪ್ರತಿ. ವಾಟ್ಸಾಪ್ ಮುಚ್ಚಿ.

ಉತ್ತರ, ಉಡುಪಿಯಿಂದ

"ನಾನು ಪ್ರೋಗ್ರಾಮರ್ ಅಲ್ಲ" ಅಂತ ಮಾತು ಶುರು ಮಾಡಬೇಡಿ ಮಾರಾಯ್ರೆ. ಕಂಪ್ಯೂಟರ್ ಗುಂಪುಗಳು ಹುಟ್ಟಿದ್ದೇ ತಾವು ಮಾಡಿದ್ದನ್ನು ತಂದು ತೋರಿಸುವುದಕ್ಕೆ. ಕ್ಯಾಲಿಫೋರ್ನಿಯಾದ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ 1975ರಲ್ಲಿ ಒಂದು ಮನೆಯ ಗ್ಯಾರೇಜಿನಲ್ಲಿ ಶುರುವಾಯಿತು. ಆಪಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ತಮ್ಮ ಆಪಲ್-1 ಕಂಪ್ಯೂಟರ್ ತಂದು ತೋರಿಸಿದ್ದು ಆ ಕ್ಲಬ್ಬಿನಲ್ಲೇ. ಅವರೂ ನಾಚಿಕೆ ಸ್ವಭಾವದವರೇ. ಭಾಷಣಕ್ಕಿಂತ ಅವರು ಮಾಡಿ ತಂದ ಬೋರ್ಡೇ ಮಾತಾಡಿತು.

ಇಪ್ಪತ್ತು ನಿಮಿಷ ಕೊಟ್ಟರೆ ಹದಿನೈದಕ್ಕೆ ತಯಾರಾಗಿ. ಮನಸ್ಸಿನಲ್ಲಿ ಹೇಳಿಕೊಂಡರೆ ಸಾಲದು, ಮನೆಯವರ ಎದುರು ಜೋರಾಗಿ ಹೇಳಿ. ಗಡಿಯಾರ ಇಟ್ಟುಕೊಳ್ಳಿ. ಮೊದಲ ನಾಲ್ಕು ವಾಕ್ಯ ಬಾಯಿಪಾಠ ಇರಲಿ, ಎದೆ ಹೊಡೆದುಕೊಳ್ಳುವುದು ಆಗಲೇ ಜಾಸ್ತಿ.

ಪ್ರಶ್ನೆ ಬಂದಾಗ ಅದನ್ನು ನೀವೊಮ್ಮೆ ದೊಡ್ಡದಾಗಿ ಹೇಳಿ, ಆಮೇಲೆ ಉತ್ತರ ಕೊಡಿ. ಹಿಂದೆ ಕೂತವರಿಗೆ ಪ್ರಶ್ನೆ ಕೇಳಿಸಿರುವುದಿಲ್ಲ. ನಿಮಗೂ ಯೋಚಿಸಲು ನಾಲ್ಕು ಗಳಿಗೆ ಸಿಗುತ್ತದೆ. ಗೊತ್ತಿಲ್ಲದ್ದು ಬಂದರೆ "ಗೊತ್ತಿಲ್ಲ, ಯಾರಿಗಾದರೂ ಗೊತ್ತಾ?" ಅಂತ ಸಭೆಗೇ ಬಿಡಿ. ಆಮೇಲೆ ನಡೆಯುವ ಚರ್ಚೆ ಎಷ್ಟೋ ಸಲ ಮಾತಿಗಿಂತ ಚೆನ್ನಾಗಿರುತ್ತದೆ.

ಕೇಳಿದವರು, ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. "ಸೂರ್ಯ" ಜೊತೆಗೆ "ಕಾರ್ಯ", "ಧರ್ಮ", "ಮಾರ್ಗ" ಪದಗಳನ್ನೂ ತೆಗೆದಿಟ್ಟಿದ್ದೇನೆ. ಒಂದು ಅನುಮಾನ. ನನ್ನ ಹತ್ತಿರ ಇರುವುದೆಲ್ಲ ಗ್ರಾಹಕರ ಪುಸ್ತಕದ ಫೈಲ್‌ಗಳು. ಒಂದೆರಡು ಪುಟ ತೋರಿಸಬಹುದಾ?

ಉತ್ತರ, ಮೈಸೂರಿನಿಂದ

ಕೇಳದೆ ತೋರಿಸಬೇಡಿ ಸರ್. ನೀವೇ ಹತ್ತು ಸಾಲು ನುಡಿಯಲ್ಲಿ ಹೊಸದಾಗಿ ಟೈಪ್ ಮಾಡಿಬಿಡಿ, ನಿಮಗೆ ಐದು ನಿಮಿಷದ ಕೆಲಸ. ಕಷ್ಟದ ಪದಗಳನ್ನೆಲ್ಲ ಅದರಲ್ಲೇ ಸೇರಿಸಿ. ಆಗ ಆ ಫೈಲನ್ನು ಹುಡುಗರಿಗೂ ಕೊಟ್ಟು ಕಳಿಸಬಹುದು, ಮನೆಯಲ್ಲಿ ಅವರೇ ಪರಿವರ್ತಕ ಬರೆದು ನೋಡಲಿ.